ಅಮಾವಾಸ್ಯೆಗೊಮ್ಮೆ ಕೆಡುವ ವ್ಯಾನು

ಸೆಕೆಂಡ್ ಹ್ಯಾಂಡ್ ವ್ಯಾನು ತಗೊಂಡರೆ ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಅವರ ಮುಖ ನೋಡುತ್ತೇನೆ. ಮುಖದಲ್ಲಿ ಚೂರುಪಾರು ನೆಮ್ಮದಿ ಉಳಿದಿದ್ದರೆ, ಬೇಡ ಕಣ್ರೀ, ಸುಮ್ಮನಿದ್ದುಬಿಡಿ ಎನ್ನುತ್ತೇನೆ. ಎಂಟು ವರ್ಷದಿಂದ ಒಂದು ಹಳೆಯ ವ್ಯಾನನ್ನು ಓಡಿಸುತ್ತಿದ್ದೇನೆ. ಓಡಿಸುತ್ತಿದ್ದೇನೆ ಅನ್ನುವುದೂ ದೊಡ್ಡ ಮಾತೇ. ಬೆಳಿಗ್ಗೆ ಎದ್ದು ಅದರ ಮರ್ಜಿ ಕಾಯುತ್ತಿದ್ದೇನೆ, ಅಷ್ಟೇ.

ನ್ಯಾಮತಿ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಲೆಕ್ಕದ ಟೀಚರು. ನಮ್ಮ ಮನೆಯವರದು ನ್ಯಾಮತಿಯಲ್ಲೇ ಗೊಬ್ಬರದ ಅಂಗಡಿ. ಅವರಿಗೆ ಡ್ರೈವಿಂಗ್ ಬರುವುದಿಲ್ಲ. ಕಲಿಸಲು ಹೋದರೆ ಕ್ಲಚ್ಚು ಬಿಡುವಾಗ ಕಾಲೆತ್ತುವುದರ ಜೊತೆಗೆ ಕಣ್ಣನ್ನೂ ಮುಚ್ಚುತ್ತಾರೆ. ಹಾಗಾಗಿ ಸ್ಟಿಯರಿಂಗ್ ನನ್ನ ಕೈಗೆ ಬಂತು. ಹಿಂದಿನ ಸೀಟಿನಲ್ಲಿ ನಮ್ಮ ಅತ್ತೆ.

ವ್ಯಾನು ಬಂದದ್ದೇ ಅತ್ತೆಗಾಗಿ. ಅತ್ತೆಯ ತವರು ಜಗಳೂರು ತಾಲ್ಲೂಕಿನ ಬಿಳಿಚೋಡು. ಅಪ್ಪ ಅಮ್ಮ ಹೋಗಿ ಎಷ್ಟೋ ಕಾಲವಾಗಿ, ತವರು ಅಂತ ಅವರಿಗೆ ಉಳಿದಿದ್ದು ಒಬ್ಬಳು ಅಕ್ಕ. ಆ ಅಕ್ಕನನ್ನು ಕಾಣಲು ಎರಡು ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿಬರುತ್ತಿದ್ದರು. ಆಮೇಲೆ ಮಂಡಿ ಸವೆಯಿತು. ಬಸ್ಸಿನ ಮೊದಲನೇ ಮೆಟ್ಟಿಲಿಗೇ ಕಾಲು ಏಳುವುದಿಲ್ಲ. ಒಂದು ವರ್ಷ ಪೂರ್ತಿ ಅಕ್ಕತಂಗಿಯರು ಫೋನಿನಲ್ಲೇ ಕಿರುಚಾಡಿಕೊಂಡರು. ಇಬ್ಬರಿಗೂ ಕಿವಿ ಅಷ್ಟಕ್ಕಷ್ಟೇ ಆದ್ದರಿಂದ ಇಡೀ ಬೀದಿಗೆ ಇವರ ಸಂಸಾರದ ಸುದ್ದಿಯೆಲ್ಲ ಬಾಯಿಪಾಠ. ಒಂದು ದಿನ ಫೋನು ಇಟ್ಟ ಮೇಲೆ ಅತ್ತೆ ಗೋಡೆ ಕಡೆ ತಿರುಗಿ ಕೂತು ಅತ್ತರು. ನಾನು ನೋಡಿದೆ ಎಂದು ಗೊತ್ತಾದದ್ದೇ, "ಒಗ್ಗರಣೆ ಘಾಟು" ಎಂದರು. ಅವತ್ತು ಒಲೆಯನ್ನೇ ಹಚ್ಚಿರಲಿಲ್ಲ.

ನೆಲಕ್ಕೆ ಹತ್ತಿರ ಇರುವ, ಬಾಗಿಲು ಪಕ್ಕಕ್ಕೆ ಸರಿಯುವ, ಕಾಲೆತ್ತದೆ ಕೂರಬಹುದಾದ ಗಾಡಿ ಎಂದರೆ ಹಳೆಯ ಎಂಟು ಸೀಟಿನ ವ್ಯಾನೇ. ಚನ್ನಗಿರಿ ಕಡೆ ಬಸವಾಪಟ್ಟಣದಲ್ಲಿ ಒಂದಿದೆ ಎಂದು ಕೇಳಿ ನೋಡಲು ಹೋದೆವು. ಅದರ ಮಾಲೀಕರು ಅಡಿಕೆ ಬೆಳೆಗಾರರು. "ಮನೆ ಗಾಡಿ ಕಣ್ರೀ. ಮಗೀನಂಗೆ ನೋಡ್ಕಂಡೀವಿ. ಹೊರಗಿನೋರ ಕೈಗೆ ಕೊಟ್ಟೇ ಇಲ್ಲ" ಎಂದು ಬಾನೆಟ್ಟು ಸವರಿದರು. ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್. ನಾನು ಡ್ರೈವರ್ ಸೀಟಿನಲ್ಲಿ ಕೂತಾಗ ಸೀಟು ಬೆಚ್ಚಗಿತ್ತು. ಈ ಜಾತಿಯ ವ್ಯಾನಿನಲ್ಲಿ ಇಂಜಿನ್ನು ಇರುವುದೇ ಮುಂದಿನ ಸೀಟಿನ ಕೆಳಗೆ. ಬಿಸಿಲಿಗೆ ಕಾದಿದೆ ಎಂದುಕೊಂಡೆ. ನಾವು ಬರುವ ಮುಂಚೆ ಅರ್ಧ ಗಂಟೆ ಓಡಿಸಿ ಕಾಯಿಸಿಟ್ಟಿದ್ದರು ಎಂದು ಹೊಳೆದದ್ದು ಆಮೇಲೆ, ನಮ್ಮ ಮನೆ ಮುಂದೆ ಮೊದಲನೇ ಬೆಳಿಗ್ಗೆ ಅದು ಕೆಮ್ಮಿ ಕೆಮ್ಮಿ ಸುಮ್ಮನಾದಾಗ. ನೆಲದ ಮ್ಯಾಟು ಎತ್ತಿದರೆ ಅಡಿಕೆ ಸಿಪ್ಪೆ. ಅವರ ಮಗು ಅಡಿಕೆ ಸುಲಿಯುವವರನ್ನು ವರ್ಷಾನುಗಟ್ಟಲೆ ತೋಟಕ್ಕೆ ಹೊತ್ತಿತ್ತು.

ಗೇಟಿನಲ್ಲೇ ನಿಂತ ವ್ಯಾನನ್ನು ನೋಡಿ ಅತ್ತೆ ಸೊಂಟದ ಮೇಲೆ ಕೈಯಿಟ್ಟರು. "ತಂದೋಳ ಕಾಲ್ಗುಣನೇ ಇದಕ್ಕೂ ಬಂದೈತೆ ನೋಡು" ಎಂದರು.

ಇದರ ಹಿಂದೊಂದು ಕಥೆಯಿದೆ. ನಾನು ಮದುವೆಯಾಗಿ ಈ ಮನೆಗೆ ಕಾಲಿಟ್ಟ ವಾರದೊಳಗೆ ಕರಾವಿನ ಎಮ್ಮೆಯೊಂದು ಸತ್ತುಹೋಯಿತು. ಎಮ್ಮೆಗೆ ವಯಸ್ಸಾಗಿತ್ತು, ಹೊಟ್ಟೆ ಉಬ್ಬರಿಸಿತ್ತು, ಡಾಕ್ಟರು ಬರುವುದು ತಡವಾಗಿತ್ತು. ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಸೊಸೆಯ ಕಾಲ್ಗುಣ ಎಂದಾಯಿತು. ಇಪ್ಪತ್ತೆರಡು ವರ್ಷದಲ್ಲಿ ಹಾಲು ಒಡೆದರೂ ಅದೇ, ಫ್ಯೂಸು ಹೋದರೂ ಅದೇ. ನಾನೇನು ಬಾಯಿ ಮುಚ್ಚಿಕೊಂಡಿದ್ದವಳಲ್ಲ. "ಹೌದು ಅತ್ತೆ, ಎಮ್ಮೆ ನನ್ನ ಮುಖ ನೋಡೇ ಸತ್ತಿದ್ದು" ಎನ್ನುತ್ತಿದ್ದೆ. ಆದರೂ ಆ ಮಾತು ಒಳಗೆ ಮುಳ್ಳಿನ ಹಾಗೆ ಉಳಿದಿತ್ತು. ಈಗ ಎಮ್ಮೆಯ ಜಾಗಕ್ಕೆ ವ್ಯಾನು ಬಂತು.

ಹಾಗಂತ ಅದು ಹೋಗಲೇ ಇಲ್ಲ ಅಂತಲ್ಲ. ಹೋಗುತ್ತಿತ್ತು. ಎಡಕ್ಕೆ ತಿರುಗಿಸಿದರೆ ಹಾರನ್ನು ತಾನಾಗಿ ಬಡಿದುಕೊಳ್ಳುತ್ತಿತ್ತು. ಹೊನ್ನಾಳಿ ಸಂತೆಯ ನಡುವೆ ಪಕ್ಕದ ಬಾಗಿಲು ಕಳಚಿ ನನ್ನ ಕೈಗೇ ಬಂತು. ಬಾಗಿಲು ಹಿಡಿದುಕೊಂಡು ಸೊಪ್ಪಿನವರ ಮುಂದೆ ನಿಂತಿದ್ದೆ. ಎಲ್ಲಿಗೆ ಹೋದರೂ ಇಳಿಜಾರು ಹುಡುಕಿ ನಿಲ್ಲಿಸುವುದು ನಮಗೆ ಅಭ್ಯಾಸವಾಯಿತು, ಉರುಳಿಸಿ ಸ್ಟಾರ್ಟ್ ಮಾಡಲು. ಮದುವೆಗೆ ಕರೆಯಲು ಬಂದವರಿಗೆ ನಾನು ಮೊದಲು ಕೇಳುತ್ತಿದ್ದುದು, ಛತ್ರದ ಮುಂದೆ ಇಳಿಜಾರು ಇದೆಯಾ ಅಂತ. ಇಷ್ಟೆಲ್ಲ ಆದರೂ ಎರಡು ತಿಂಗಳಿಗೊಮ್ಮೆ ಅತ್ತೆಯನ್ನು ಬಿಳಿಚೋಡಿಗೆ ಮುಟ್ಟಿಸುತ್ತಿತ್ತು. ಅಲ್ಲಿ ಆ ಅಕ್ಕ, ಅಂದರೆ ನನ್ನ ದೊಡ್ಡತ್ತೆ, ಜಗುಲಿಯ ಮೇಲೆ ಕೂತು ಕಾಯುತ್ತಿರುತ್ತಿದ್ದರು. ಕಂಡ ತಕ್ಷಣ ಅವರ ಬಾಯಿಂದ ಒಂದೇ ಮಾತು: "ಕುಂತ್ಕಂಡು ಬಂದ್ರೋ, ತಳ್ಕಂಡು ಬಂದ್ರೋ?"

ಅಕ್ಕ ಹಾಗೆ ಕೇಳಿ ನಕ್ಕಾಗ ಅತ್ತೆಯೂ ನಗುತ್ತಿದ್ದರು. ಮನೆಯಲ್ಲಿ ಅವರು ಹಾಗೆ ನಕ್ಕಿದ್ದನ್ನು ನಾನು ಕಂಡಿಲ್ಲ. ಆ ನಗುವಿಗಾಗಿಯೇ ನಾನು ಆ ವ್ಯಾನನ್ನು ಗುಜರಿಗೆ ಹಾಕದೆ ಇಟ್ಟುಕೊಂಡೆ. ಇದನ್ನು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ, ಈಗ ಹೇಳುತ್ತಿದ್ದೇನೆ.

ಕಾಲ್ಗುಣ ಸರಿಮಾಡುವ ಕೆಲಸವನ್ನು ಅತ್ತೆ ತಾವೇ ವಹಿಸಿಕೊಂಡರು. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ಪೂಜೆ ಮಾಡುವುದು ಎಲ್ಲರ ಮನೆಯಲ್ಲೂ ಇದೆ. ಟೈರಿಗೆ ನೀರು, ಬಾನೆಟ್ಟಿಗೆ ವಿಭೂತಿ ಕುಂಕುಮ, ಕನ್ನಡಿಗೆ ಹೂವು, ಮುಂದೆ ಒಂದು ಕಾಯಿ. ಅಷ್ಟು ಸಾಕು. ಅತ್ತೆಗೆ ಸಾಲದು. "ಟೈರು ಅಂದ್ರೆ ಅದ್ರ ಕಾಲು. ಕಾಲು ತೊಳೆದ್ರೆ ಹೊಟ್ಟೆ ತಣ್ಣಗಾಗ್ತದೇನು? ಸೀಟು ಎತ್ತು" ಎನ್ನುತ್ತಿದ್ದರು. ಸೀಟು ಎತ್ತಿಸಿ, ಕೆಳಗಿದ್ದ ಇಂಜಿನ್ನಿಗೆ ಒಂದು ಚೊಂಬು ನೀರು ಹಾಕಿ, ಕುಂಕುಮ ಉದುರಿಸಿ, ದಾಸವಾಳ ಇಟ್ಟು, ಒಡೆದ ಕಾಯಿಯ ನೀರನ್ನೂ ಚಿಮುಕಿಸಿ ಕೈಮುಗಿಯುತ್ತಿದ್ದರು. "ನನ್ನ ಅಕ್ಕನ ಹತ್ರ ಕರ್ಕಂಡು ಹೋಗಪ್ಪ. ಇವಳ ತಪ್ಪು ನಿನ್ನ ಮೇಲೆ ಹಾಕ್ಕಬ್ಯಾಡ" ಎಂದು ಅದಕ್ಕೆ ನನ್ನ ಮುಂದೆಯೇ ಹೇಳುತ್ತಿದ್ದರು. ನಾನು ಆರತಿ ತಟ್ಟೆ ಹಿಡಿದು ನಿಂತಿರುತ್ತಿದ್ದೆ.

ಅಮಾವಾಸ್ಯೆ ಬಂತೆಂದರೆ ವ್ಯಾನು ಕೆಡುತ್ತಿತ್ತು. ಜಗ್ಗುತ್ತಿತ್ತು, ಕೆಮ್ಮುತ್ತಿತ್ತು, ನಡುದಾರಿಯಲ್ಲಿ ನಿಲ್ಲುತ್ತಿತ್ತು. ಗ್ಯಾರೇಜೂ ಅಮಾವಾಸ್ಯೆಗೆ ಬಾಗಿಲು ಹಾಕಿರುತ್ತಿದ್ದುದರಿಂದ ಮರುದಿನ ತಳ್ಳಿಕೊಂಡು ಹೋದರೆ ಅಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಗಿ ನನ್ನ ಮಾನ ತೆಗೆಯುತ್ತಿತ್ತು. "ಏನೂ ಇಲ್ಲ ಮೇಡಂ, ಚೆನ್ನಾಗೇ ಐತಲ್ಲ" ಎಂದು ಮೆಕ್ಯಾನಿಕ್ಕು ಪ್ಲಗ್ಗು ಬದಲಾಯಿಸಿ ಕಳಿಸುತ್ತಿದ್ದ. ಅತ್ತೆಗೆ ಮಾತ್ರ ಗುಟ್ಟು ತಿಳಿದುಬಿಟ್ಟಿತ್ತು. "ಅಮಾಸೆಗೇ ಯಾಕೆ ಕೆಡ್ತದೆ? ಇದಕ್ಕೆ ಏನೋ ಗಾಳಿ ಮೆಟ್ಟೈತೆ" ಎಂದು ಮುಂದಿನ ಅಮಾವಾಸ್ಯೆಗೆ ಇನ್ನೊಂದು ಚೊಂಬು ಹೆಚ್ಚು ಹಾಕುತ್ತಿದ್ದರು. ಮಕ್ಕಳಿಗೆ ಕೂಡುವುದು ಕಳೆಯುವುದು ಕಲಿಸುವ ನಾನು ಅತ್ತೆಯ ಗಾಳಿಯ ಮಾತಿಗೆ ನಕ್ಕೆನೇ ಹೊರತು, ಆ ಚೊಂಬನ್ನೂ ಈ ಕೆಮ್ಮನ್ನೂ ಒಂದು ದಿನವೂ ಜೊತೆಗಿಟ್ಟು ನೋಡಲಿಲ್ಲ. ಏಳು ವರ್ಷ! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಹೋದ ವರ್ಷ ಒಂದು ಅಮಾವಾಸ್ಯೆಯ ಬೆಳಿಗ್ಗೆ ಏಳಕ್ಕೆ ಬಿಳಿಚೋಡಿನಿಂದ ಫೋನು ಬಂತು. ದೊಡ್ಡತ್ತೆಗೆ ರಾತ್ರಿಯಿಂದ ಮೇಲುಸಿರು, ಬರುವುದಾದರೆ ಬೇಗ ಬನ್ನಿ ಎಂದರು. ನಮ್ಮ ಮನೆಯವರು ಹಿಂದಿನ ದಿನವೇ ಚನ್ನಗಿರಿಯ ನೆಂಟರ ಮನೆಗೆ ಹೋಗಿದ್ದರು. ಅವರಿಗೆ ಫೋನು ಮಾಡಿದೆ, ಅಲ್ಲಿಂದಲೇ ಬಸ್ಸು ಹಿಡಿಯುತ್ತೇನೆ ಎಂದರು. ಅತ್ತೆ ಅಳಲಿಲ್ಲ, ಕೂಗಲಿಲ್ಲ. ಗಂಜಿ ಕಾಯಿಸಿ ಫ್ಲಾಸ್ಕಿಗೆ ತುಂಬಿದರು. ಒಗೆದು ಮೆತ್ತಗಾದ ಒಂದು ಹತ್ತಿ ಸೀರೆ ಗಂಟು ಕಟ್ಟಿದರು. ಆಮೇಲೆ ಬಿಂದಿಗೆ ಎತ್ತಿಕೊಂಡು ಹೊರಗೆ ಬಂದರು.

"ಇವತ್ತೊಂದಿನ ಪೂಜೆ ಬಿಡ್ರಿ ಅತ್ತೆ, ಹೊತ್ತಾಗ್ತದೆ" ಎಂದೆ.

"ಇವತ್ತು ಬಿಟ್ಟು ಇನ್ಯಾವತ್ತು ಮಾಡ್ಲಿ? ಉಳಿದ ದಿನ ಎಲ್ಲಾದ್ರೂ ನಿಂತ್ಕಳ್ಳಿ. ಇವತ್ತೊಂದಿನ ನನ್ನ ಮಾತು ನಡೆಸ್ಬೇಕು ಅದು. ಸೀಟು ಎತ್ತು."

ಅವರ ದನಿಯಲ್ಲಿ ಜಗಳ ಇರಲಿಲ್ಲ. ಅದಕ್ಕೇ ಸೀಟು ಎತ್ತಿದೆ. ಚೊಂಬಲ್ಲ, ಅರ್ಧ ಬಿಂದಿಗೆ ಸುರಿದರು. ಮನೆಯಲ್ಲಿದ್ದ ದಾಸವಾಳವನ್ನೆಲ್ಲ ತಂದು ಇಟ್ಟರು. ಎಂಟೂವರೆಗೆ ಹೊರಟೆವು.

ಊರು ಬಿಡುವ ಮೊದಲೇ ಜಗ್ಗಲು ಶುರು. ಹೊನ್ನಾಳಿಯವರೆಗೆ ಎರಡನೇ ಗೇರಿನಲ್ಲಿ ಎಳೆದುಕೊಂಡು ಬಂದೆ. ಹೊಳೆಯ ಸೇತುವೆ ದಾಟಿ ಸ್ವಲ್ಪ ದೂರಕ್ಕೆ, ಎರಡೂ ಕಡೆ ಭತ್ತದ ಗದ್ದೆ ಇರುವಲ್ಲಿ, ಒಂದು ಸಲ ಕೆಮ್ಮಿ ಸುಮ್ಮನಾಯಿತು. ಕೀಲಿ ತಿರುಗಿಸಿ ತಿರುಗಿಸಿ ಬ್ಯಾಟರಿಯ ದನಿ ಸಣ್ಣಗಾಯಿತು. ಒಂಬತ್ತೂವರೆ.

ನಮ್ಮ ಮನೆಯವರಿಗೆ ಫೋನಿನಲ್ಲಿ ವಿಷಯ ತಿಳಿಸಿದೆ. ನಮ್ಮ ಮೆಕ್ಯಾನಿಕ್ಕು ಫೋನು ಎತ್ತಲಿಲ್ಲ. ಹೊನ್ನಾಳಿಯಲ್ಲಿ ಗೊತ್ತಿದ್ದ ಎರಡು ಗ್ಯಾರೇಜಿಗೂ ಅಮಾವಾಸ್ಯೆ ರಜೆ. ಬಾಡಿಗೆ ಕಾರು ಕೇಳಿದರೆ ಇದ್ದಬದ್ದವೆಲ್ಲ ಭಕ್ತರನ್ನು ಹತ್ತಿಸಿಕೊಂಡು ಉಕ್ಕಡಗಾತ್ರಿ ಕಡೆ ಹೋಗಿದ್ದವು. ಕೈ ಅಡ್ಡ ಹಿಡಿದು ಒಂದು ಬಸ್ಸು ನಿಲ್ಲಿಸಿದೆ. ಬಾಗಿಲಿನವರೆಗೂ ಜನ. ಕಂಡಕ್ಟರು ಒಳ್ಳೆಯವನು, ಇಳಿದು ಬಂದು "ಎತ್ತಿ ಹತ್ತಿಸ್ತೀನಿ ಬಾರಮ್ಮ" ಎಂದ. ಅತ್ತೆ ಮೆಟ್ಟಿಲಿಗೆ ಕಾಲಿಟ್ಟರು. ಮಂಡಿ ಮಡಚಲಿಲ್ಲ. ಇನ್ನೊಂದು ಸಲ ಇಟ್ಟರು. ನೋವಿಗೆ ಕಣ್ಣಲ್ಲಿ ನೀರು ಬಂತು. "ಆಗಲ್ಲ ಕಣಪ್ಪ, ನೀನು ಹೋಗು. ಪಾಪ, ಎಲ್ರೂ ಕಾಯ್ತಾರೆ" ಎಂದು ಹಿಂದೆ ಸರಿದರು. ಬಸ್ಸು ಹೋಯಿತು. ಅವರನ್ನು ವ್ಯಾನಿನ ಹಿಂದಿನ ಸೀಟಿನಲ್ಲಿ ಕೂರಿಸಿದೆ. ಫ್ಲಾಸ್ಕು ತೊಡೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದರು.

ಗದ್ದೆಯವರೊಬ್ಬರು ಯಾರಿಗೋ ಹೇಳಿ, ಅವರು ಇನ್ಯಾರಿಗೋ ಹೇಳಿ, ಕೊನೆಗೆ ಹನ್ನೆರಡರ ಹೊತ್ತಿಗೆ ಒಬ್ಬ ವಯಸ್ಸಾದ ಮೇಸ್ತ್ರಿ ಮೋಪೆಡ್ಡಿನಲ್ಲಿ ಬಂದರು. ತಲೆಗೆ ಬಿಳಿ ಟೋಪಿ, ಬೆನ್ನಿಗೆ ಒಂದು ಚೀಲ. ಅವತ್ತು ಅಂಗಡಿ ತೆಗೆದಿದ್ದವರು ಅವರೊಬ್ಬರೇ ಇರಬೇಕು. ಸೀಟು ಎತ್ತಿ ನೋಡಿದರು. ಆಮೇಲೆ ಪ್ಲಗ್ಗುಗಳಿಗೆ ಕರೆಂಟು ಹಂಚುವ ಕಪ್ಪು ಮುಚ್ಚಳ ಬಿಚ್ಚಿ, ಒಳಗೆ ಬಟ್ಟೆ ತುರುಕಿ ಒರೆಸಿ ನನ್ನ ಮುಂದೆ ಹಿಡಿದರು. ಬಟ್ಟೆ ಕೆಂಪಗಿತ್ತು. ಕುಂಕುಮದ ನೀರು. ಜೊತೆಗೆ ದಾಸವಾಳದ ಒಂದು ಎಸಳು.

"ಪೂಜೆ ಮಾಡಿದ್ರೇನ್ರೀ?"

"ಹೂಂ."

"ಟೈರಿಗೆ ಮಾಡ್ರಿ, ಗ್ಲಾಸಿಗೆ ಮಾಡ್ರಿ, ನಾನು ಬ್ಯಾಡ ಅನ್ನಾದಿಲ್ಲ. ಇಲ್ಲಿ ನೀರು ಹಾಕಿದ್ರೆ ಕರೆಂಟು ಎಲ್ಲಿಂದ ಬರ್ತದೆ? ಮುಚ್ಚಳ ಸಣ್ಣಗೆ ಸೀಳೈತೆ, ನೀರು ಸೀದಾ ಒಳಗೆ. ಒಣಗಿದ ಮೇಲೆ ತಾನೇ ಸರಿಹೋಗ್ತದೆ. ನಿಮ್ಮ ಗಾಡಿಗೆ ಬ್ಯಾರೆ ರೋಗ ಏನೂ ಇಲ್ಲ."

ಏಳು ವರ್ಷದ ಅಮಾವಾಸ್ಯೆಗಳೆಲ್ಲ ಒಟ್ಟಿಗೆ ನನ್ನ ತಲೆಗೆ ಬಂದವು. ಬದಲಾಯಿಸಿದ ಪ್ಲಗ್ಗುಗಳು, ತಳ್ಳಿದ ರಸ್ತೆಗಳು, ಶಾಲೆಗೆ ತಡವಾಗಿ ಹೋಗಿ ಹೆಡ್ ಮಾಸ್ಟರ ಮುಂದೆ ನಿಂತಿದ್ದು. ಎಲ್ಲದಕ್ಕೂ ನನ್ನ ಕಾಲ್ಗುಣ! ಹಿಂದೆ ತಿರುಗಿ ನೋಡಿದೆ. ಅತ್ತೆ ಸೀಟಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಎಂದುಕೊಂಡೆ. ಇರಲಿ, ಇವತ್ತು ಬೇಡ, ದೊಡ್ಡತ್ತೆ ಹುಷಾರಾಗಲಿ, ಆಮೇಲೆ ಅಕ್ಕನ ಮುಂದೆಯೇ ಹೇಳುತ್ತೇನೆ, ಇಬ್ಬರೂ ಕೇಳಲಿ ಎಂದುಕೊಂಡೆ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಗಿತ್ತು. ಮುಂದಿನ ದಾರಿಯುದ್ದಕ್ಕೂ ಆ ಮಾತನ್ನು ಹೇಗೆ ಎತ್ತಬೇಕು, ಮೊದಲು ಎಮ್ಮೆಯಿಂದ ಶುರು ಮಾಡುವುದೋ ಕೊನೆಗೆ ಎಮ್ಮೆಗೆ ಬರುವುದೋ ಎಂದು ಜೋಡಿಸಿಕೊಳ್ಳುತ್ತಿದ್ದೆ. ವ್ಯಾನು ಎಂದೂ ಓಡದ ಹಾಗೆ ಓಡುತ್ತಿತ್ತು. ದಾವಣಗೆರೆ ದಾಟಿತು, ಒಂದು ಕೆಮ್ಮೂ ಇಲ್ಲ.

ಬಿಳಿಚೋಡು ಮುಟ್ಟಿದಾಗ ಎರಡೂವರೆ. ಜಗುಲಿಯ ಮೇಲೆ ಜನ ಕೂತಿದ್ದರು. ಅದನ್ನು ಕಂಡಾಗಲೇ ನನಗೆ ತಿಳಿಯಿತು. ಬಾಗಿಲು ಸರಿಸಿ ಕೈ ಕೊಟ್ಟೆ. ಅತ್ತೆ ನನ್ನ ಕೈ ಹಿಡಿಯಲಿಲ್ಲ. ಸೀಟು ಹಿಡಿದು, ಬಾಗಿಲು ಹಿಡಿದು, ತಾವೇ ಇಳಿದರು. ಒಳಗೆ ದೊಡ್ಡತ್ತೆಯನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಪ್ರಾಣ ಹೋದಾಗ ಒಂದಕ್ಕೆ ಹತ್ತು ನಿಮಿಷ ಇತ್ತು ಎಂದರು ನಮ್ಮ ಮನೆಯವರು. ಅವರು ಬಸ್ಸಿನಲ್ಲಿ ಹನ್ನೊಂದೂವರೆಗೇ ಬಂದು ಮುಟ್ಟಿದ್ದರು. ಕೊನೆಯವರೆಗೂ ದೊಡ್ಡಮ್ಮನ ಪಕ್ಕದಲ್ಲೇ ಇದ್ದರಂತೆ.

"ಮಾತಾಡಿದ್ಲಾ?" ಅತ್ತೆ ಮಗನನ್ನು ಕೇಳಿದರು.

ಅವರು ಹೇಳಲೋ ಬೇಡವೋ ಎಂದು ನನ್ನ ಮುಖ ನೋಡಿದರು. "ಎರಡು ಸಲ ನಿನ್ನ ಕೇಳಿದ್ಲವ್ವ. ವ್ಯಾನು ಹೊನ್ನಾಳಿ ತಾವ ಕೆಟ್ಟೈತಂತೆ, ಬರ್ತಾಳೆ ಅಂದೆ. ನಕ್ಕಳು. ತಳ್ಕಂಡು ಬರ್ತಾವ್ಳೇನು ನನ್ನ ತಂಗಿ, ಅಂದ್ಲು. ಅಷ್ಟೇ."

ಅತ್ತೆ ಅಕ್ಕನ ಕಾಲ ಹತ್ತಿರ ಕೂತರು. ಗಂಟು ಬಿಚ್ಚಿ ಆ ಮೆತ್ತನೆ ಸೀರೆಯನ್ನು ಅವಳ ಮಡಿಲ ಮೇಲೆ ಹರಡಿದರು. ಬಂದ ಹೆಂಗಸರೆಲ್ಲ ಸುತ್ತ ಕೂತು, "ಎಂಥ ಗಾಡಿ ತಂದ್ರವ್ವ, ಅದ್ರ ಕಾಲ್ಗುಣಕ್ಕೆ ಮಣ್ಣು ಹಾಕ. ಒಡಹುಟ್ಟಿದೋಳ ಮುಖ ನೋಡಾಕೆ ಬಿಡ್ಲಿಲ್ಲ" ಎಂದು ಅತ್ತರು. ಒಬ್ಬರಿಬ್ಬರು ನನ್ನ ಕಡೆ ನೋಡಿದರು. ನಾನು ಅತ್ತೆಯ ಬಾಯಿಂದ ಬರುವ ಮಾತಿಗೆ ಕಾದೆ. ಅವರು ಏನೂ ಹೇಳಲಿಲ್ಲ. ದುಃಖ ಎಂದುಕೊಂಡೆ. ನಾನೂ ಹೇಳಲಿಲ್ಲ. ಸಂಜೆ ಮಣ್ಣು ಮುಗಿಸಿ ಬಂದು ವ್ಯಾನಿನಲ್ಲಿ ಫ್ಲಾಸ್ಕು ತೆರೆದರೆ ಗಂಜಿ ಇನ್ನೂ ಬಿಸಿ ಇತ್ತು. ರಸ್ತೆಯ ಬದಿಗೆ ಚೆಲ್ಲಿದೆ. ಆಮೇಲೆ ಸ್ಟಿಯರಿಂಗಿಗೆ ಹಣೆ ಕೊಟ್ಟು ನಾನೂ ಅತ್ತುಬಿಟ್ಟೆ.

ಅದಾದ ಮೇಲೆ ಮನೆಯಲ್ಲಿ ಕಾಲ್ಗುಣದ ಮಾತೇ ಬರಲಿಲ್ಲ. ಹಾಲು ಒಡೆದರೆ ಒಡೆಯಿತು, ಅಷ್ಟೇ. ಅತ್ತೆ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದರು, ಮಲಗುತ್ತಿದ್ದರು, ಫೋನಿನ ಹತ್ತಿರ ಹೋಗುತ್ತಿರಲಿಲ್ಲ. ಬೈಯದ ಅತ್ತೆಯನ್ನು ನೋಡಿ ನನಗೆ ಭಯವಾಯಿತು. ಅವರಿಗೆ ನಿಜ ಗೊತ್ತಾದರೆ ಏನಾಗುತ್ತದೋ ಎಂದು ಇನ್ನೂ ಭಯ. ಮುಂದಿನ ಅಮಾವಾಸ್ಯೆ ಹತ್ತಿರ ಬಂತು. ಪೂಜೆ ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಯೋಚಿಸಿ ಯೋಚಿಸಿ ನಮ್ಮ ಮೆಕ್ಯಾನಿಕ್ಕಿನ ಹತ್ತಿರ ಹೋಗಿ ಹೊಸ ಮುಚ್ಚಳ ಹಾಕಿಸಿದೆ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಸುತ್ತಿ ಬಿಗಿಯಾಗಿ ಕಟ್ಟಿಸಿದೆ. ಎಷ್ಟು ಬಿಂದಿಗೆ ಬೇಕಾದರೂ ಸುರಿದುಕೊಳ್ಳಲಿ, ಜೀವ ಇರುವ ತನಕ ಅವರಿಗೆ ಗೊತ್ತಾಗುವುದು ಬೇಡ.

ಅಮಾವಾಸ್ಯೆಯ ಬೆಳಿಗ್ಗೆ ಅವರಾಗಿ ಹೊರಗೆ ಬರಲಿಲ್ಲ. ನಾನೇ ಚೊಂಬು ತುಂಬಿ, ಹೂವು ಕೊಯ್ದು, ಸೀಟು ಎತ್ತಿ ಕರೆದೆ. "ಬರ್ರಿ ಅತ್ತೆ, ಪೂಜೆ ಮಾಡ್ರಿ. ನನಗೆ ಶಾಲೆಗೆ ಹೊತ್ತಾಗ್ತದೆ."

ಬಂದರು. ಚೊಂಬು ಇಸಿದುಕೊಂಡು ಇಂಜಿನ್ನಿನ ಕಡೆ ಬಗ್ಗಿ ನೋಡಿದರು. ಪ್ಲಾಸ್ಟಿಕ್ಕನ್ನು ಬೆರಳಿಂದ ಮುಟ್ಟಿದರು.

"ಇದನ್ನ ನನ್ನ ಸಲುವಾಗಿ ಕಟ್ಟಿಸ್ದ್ಯಾ?"

"ಧೂಳು ಬೀಳ್ತದೆ ಅಂತ..."

"ಅವತ್ತು ನಾನು ಮಲಗಿರ್ಲಿಲ್ಲ ಕಣವ್ವ. ಆ ಮೇಸ್ತ್ರಿ ಬಟ್ಟೆ ತೋರಿಸಿದ್ದು ನೋಡ್ದೆ. ಕೆಂಪಗಿತ್ತು." ಪ್ಲಾಸ್ಟಿಕ್ಕಿನಿಂದ ಬೆರಳು ತೆಗೆದರು. "ಅಲ್ಲಿ ಅಷ್ಟು ಜನ ನಿನ್ನ ಕಡೆ ನೋಡಿದ್ರಲ್ಲ, ಆವಾಗ್ಲಾದ್ರೂ ಹೇಳ್ತೀಯ ಅಂತ ಕಾಯ್ತಾ ಇದ್ದೆ. ಯಾಕೆ ಹೇಳ್ಲಿಲ್ಲ?"

ನಾನು ಪ್ಲಾಸ್ಟಿಕ್ಕಿನ ಗಂಟು ಬಿಗಿ ಮಾಡುವವಳ ಹಾಗೆ ಬಗ್ಗಿದೆ. ಅವರು ಉತ್ತರಕ್ಕೆ ಕಾಯಲಿಲ್ಲ.

"ನೀನು ಲೆಕ್ಕದ ಟೀಚರು. ಒಂದು ಲೆಕ್ಕ ಹೇಳು. ನಾನು ನೀರು ಹಾಕ್ದೇ ಇದ್ದಿದ್ರೆ ಅವತ್ತು ಎಷ್ಟೊತ್ತಿಗೆ ಮುಟ್ತಿದ್ವಿ?"

ಆ ಲೆಕ್ಕವನ್ನು ಒಂದು ತಿಂಗಳಿಂದ ದಿನಾ ಮಾಡಿದ್ದೆ. ಎಂಟೂವರೆಗೆ ಹೊರಟಿದ್ದೆವು. ಎರಡೂವರೆ ಗಂಟೆಯ ದಾರಿ. ಹನ್ನೊಂದಕ್ಕೆ ದೊಡ್ಡತ್ತೆ ಜೀವಂತ ಇದ್ದರು, ಮಾತಾಡುತ್ತಿದ್ದರು, ನಗುತ್ತಿದ್ದರು.

"ಒಂದೂವರೆ ಆಗ್ತಿತ್ತು ಅತ್ತೆ. ಅಮಾಸೆ ಜನ, ರಸ್ತೆ ತುಂಬ ಗಾಡಿ. ಹೆಂಗೆ ಹೋಗಿದ್ರೂ ಒಂದೂವರೆನೇ."

ಅತ್ತೆ ನನ್ನ ಮುಖ ನೋಡಿದರು. ಇಪ್ಪತ್ತೆರಡು ವರ್ಷದಲ್ಲಿ ನಾನು ಹೇಳಿದ ಒಂದು ಮಾತನ್ನೂ ಅವರು ಹಾಗೇ ಒಪ್ಪಿಕೊಂಡವರಲ್ಲ.

"ಹೂಂ. ಇರಬೋದು" ಎಂದರು. ಚೊಂಬಿನ ನೀರನ್ನು ದಾಸವಾಳದ ಗಿಡದ ಬುಡಕ್ಕೆ ಸುರಿದು, ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಸೀಟು ಇಳಿಸಿ ಕೂತೆ. ಕೀಲಿ ತಿರುಗಿಸಿದೆ. ನೀರು ಬೀಳದ ಅಮಾವಾಸ್ಯೆ, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಒಳಗೆ ಅತ್ತೆಗೆ ಅದು ಕೇಳಿಸಿತು ಎಂದು ನನಗೆ ಗೊತ್ತು. ಈ ಏಳು ವರ್ಷದಲ್ಲಿ ಮೊದಲನೇ ಸಲ, ಇದು ಸ್ಟಾರ್ಟ್ ಆಗಬಾರದಿತ್ತು ಅನ್ನಿಸಿತು.